ಇನ್ನೊಂಚೂರು ಸಣ್ಣ

ಏನು ಓದ್ತೀಯ ಅಂತ ಓಣಿ ಕೇಳಿತು.
ಆಡಿಯಾಲಜಿ ಅಂದೆ.
ರೇಡಿಯೋ ರಿಪೇರಿ ಹುಡುಗಿ ಯಾಕೆ ಕಲೀಬೇಕು
ಅಂದರು ಖಾಲಾ, ಬಜ್ಜಿಗೆ ಮೆಣಸಿನಕಾಯಿ ಸೀಳುತ್ತಾ.
ಅಬ್ಬಾ ಏನೂ ಕೇಳಲಿಲ್ಲ.
ಮಂಡಕ್ಕಿ ಭಟ್ಟಿಯ ಹೊಗೆಯೊಳಗೆ
ಕಣ್ಣು ಮುಚ್ಚಿ ನಿಂತು
ಮರಳಿನ ಕಾವನ್ನು ಕಿವಿಯಿಂದಲೇ ತೂಗುವ ಮನುಷ್ಯ.
ಚರ್ ಅಂದರೆ ಹಸಿ, ಚಟ್ ಅಂದರೆ ಸೀದಿತು,
ನಡುವೆ ಒಂದು ಸದ್ದಿದೆ ನೋಡು,
ಅದಕ್ಕೆ ಹೆಸರಿಲ್ಲ, ಅನ್ನುತ್ತಿದ್ದರು.
ಮೈಸೂರಿನಲ್ಲಿ ನಾಲ್ಕು ವರ್ಷ
ಹೆಸರಿಲ್ಲದ್ದಕ್ಕೆಲ್ಲ ಹೆಸರು ಕಲಿತೆ. ನಂಬರೂ.

ಈಗ ಪಿ.ಬಿ. ರಸ್ತೆಯಲ್ಲಿ ಔಷಧಿ ಅಂಗಡಿಯ ಮೇಲೆ
ನನ್ನದೊಂದು ಕೋಣೆ, ಕೋಣೆಯೊಳಗೆ ಇನ್ನೊಂದು:
ಗೋಡೆಗೆಲ್ಲ ಸ್ಪಂಜು, ಬಾಗಿಲು ಗೇಣುದಪ್ಪ.
ಹಾಕಿದರೆ ಲಾರಿ, ಬಸ್ಸು, ಕೆಳಗಿನ ದೋಸೆ ಹಂಚು
ಎಲ್ಲ ಹೊರಗೆ.
ಮಕ್ಕಳು ಒಳಗೆ ಬರಲು ಅಳುತ್ತವೆ.
ಮುದುಕರು ಚಪ್ಪಲಿ ಬಿಟ್ಟು ಬರುತ್ತಾರೆ
ಗುಡಿಯೆಂದುಕೊಂಡು.
ಬಂದವರು ಸುಳ್ಳೂ ಹೇಳುತ್ತಾರೆ.
ಕೇಳದಿದ್ದರೂ ಬೆರಳೆತ್ತುತ್ತಾರೆ
ಗಾಜಿನಾಚೆ ನನ್ನ ಭುಜ ಅಲುಗಿದ್ದು ನೋಡಿ.
ಫೇಲಾಗಲು ಯಾರಿಗೆ ಇಷ್ಟ.
ಭುಜ ಅಲುಗಿಸದೆ ಗುಂಡಿ ಒತ್ತುವುದನ್ನು
ಯಾವ ಮೇಷ್ಟ್ರೂ ನನಗೆ ಹೇಳಿಕೊಟ್ಟಿರಲಿಲ್ಲ.

ಹಾಲೇಶಪ್ಪ ಬಂದದ್ದು ಒಂದು ಮಂಗಳವಾರ,
ಹೆಂಡತಿ ದುಗ್ಗವ್ವನ ಹಿಂದೆ.
ಮೂವತ್ತೊಂದು ವರ್ಷ ಮಿಲ್ಲಿನ ಮಗ್ಗದ ಖಾತೆ.
ಮಿಲ್ಲು ಮುಚ್ಚಿತು, ಗೇಟಿಗೆ ಬಳ್ಳಿ ಹಬ್ಬಿತು,
ಇವರ ಕಿವಿಯಲ್ಲಿ ಮಾತ್ರ ಯಾರೂ ಸ್ವಿಚ್ಚು ಆರಿಸಲಿಲ್ಲ.
"ಕುಯ್ಯಂತೈತಿ ಮೇಡಂ, ಮಲಗಿದ್ರೂ ಎದ್ರೂ."
"ಏನೂ ಇಲ್ಲ ಬಿಡ್ರಿ," ದುಗ್ಗವ್ವ ನಡುವೆ,
"ಕರೆದ್ರೆ ಓಗೊಡಲ್ಲ, ಅದಕ್ಕೊಂದು ನೆಪ.
ಇಪ್ಪತ್ತು ವರ್ಷದಿಂದ ಇದೇ ಕತೆ.
ಊರಿಗೆಲ್ಲ ಕೇಳದ್ದು ಇವ್ರಿಗೊಬ್ರಿಗೇ ಕೇಳತೈತಂತೆ."

ಗ್ರಾಫು ಬರೆದೆ. ಎಡಬಲದ ಎರಡೂ ಗೆರೆ
ಸುಮಾರಾಗಿ ನೆಟ್ಟಗೇ ನಡೆದು ಬಂದು
ನಾಲ್ಕು ಸಾವಿರದ ಹತ್ತಿರ ಹೊಂಡಕ್ಕೆ ಬಿದ್ದವು.
ಮಗ್ಗ ತೋಡಿದ ಹೊಂಡ, ಪುಸ್ತಕದ ಚಿತ್ರದ ಹಾಗೇ.
ಅಷ್ಟಕ್ಕೇ ನಿಲ್ಲಿಸಬಹುದಿತ್ತು.
ಹೊರಗೆ ಆರು ಜನ ಕಾಯುತ್ತಿದ್ದರು.

ಯಾಕೋ, ಹುಡುಕೋಣ ಅಂದೆ.
ಒಂದು ಸದ್ದು ಬಿಟ್ಟೆ: ಇದೇನಾ?
ಅಲ್ಲ, ಇದು ದಪ್ಪ.
ಇದು?
ಇದು ಹಕ್ಕಿ. ನಂದು ಹಕ್ಕಿಯಲ್ಲ.
ಇನ್ನೊಂಚೂರು ಸಣ್ಣ. ದಾಟಿತು, ಹಿಂದಕ್ಕೆ ಬರ್ರಿ.
ಮಂದ ಮಾಡ್ರಿ. ಹಂಗೇ, ನೂಲು ಎಳೆದಂಗೆ ಇರ್ಬೇಕು.
ಹೊಸಬರಿಗೆ ಎಳೆ ಜೋಡಿಸುವುದನ್ನು
ಹೇಳಿಕೊಡುವವನ ದನಿ ಬಂದಿತ್ತು ಅವರಿಗೆ.
ಗುಂಡಿ ತಿರುಗಿಸುತ್ತಾ ನಾನು
ಭಟ್ಟಿಯ ಮುಂದೆ ಕಣ್ಣು ಮುಚ್ಚಿದ್ದೆ.

ಇದೇ.
ಕೈ ಎತ್ತಿದರು, ಬೆರಳಲ್ಲ, ಇಡೀ ಕೈ.
ಇದೇ ನೋಡ್ರಿ. ಇದೇ, ಇದೇ.

ಹೆಡ್‌ಫೋನು ತೆಗೆದು, ದುಗ್ಗವ್ವನ ತಲೆಯ ಸೆರಗು ಸರಿಸಿ
ತಾವೇ ತೊಡಿಸಿದರು.
ಆಕೆಯ ಕಿವಿ ಇನ್ನೂ ಗಟ್ಟಿ. ಸದ್ದನ್ನು ಬಹಳ ತಗ್ಗಿಸಿದೆ,
ಇವರಿಗೆ ಇರುವಷ್ಟೇ ಆಕೆಗೂ ಇರಲೆಂದು.
ಒಬ್ಬರಿಗೇ ಸಾಲುವ ಗೂಡು ಅದು.
ಹಾಲೇಶಪ್ಪ ಹೊಸ್ತಿಲಲ್ಲಿ ನಿಂತು
ಬಹಳ ದಿನದ ಕೇಸಿಗೆ ಸಾಕ್ಷಿ ಸಿಕ್ಕವರ ಹಾಗೆ
ಹೆಂಡತಿಯ ಮುಖ ನೋಡುತ್ತಿದ್ದರು.

ಆಕೆ ಅರ್ಧ ನಿಮಿಷ ತಡೆದಿರಬೇಕು.
"ಸಾಕು, ತೆಗೀರಿ."
ತೆಗೆದೆ.
ಸ್ಪಂಜು ಗೋಡೆಗಳ ನಡುವೆ ಸುಮ್ಮನೆ ಕೂತರು.
ಸೆರಗು ಮತ್ತೆ ತಲೆಗೆ ಎಳೆದುಕೊಂಡು, ಆಮೇಲೆ,
"ನನಗೇನೋ ಬಂದಾತು," ಅಂದರು,
"ಇವ್ರಿಗೆ?"

ಮೆಷಿನ್ನಿನ ಬೆಲೆ ಹೇಳಲು ಬಾಯಿ ತೆರೆದಿದ್ದೆ.
ಮುಚ್ಚಿದೆ.
ಚೀಟಿಯ ಮೇಲೆ ನಂಬರು ಬರೆದೆ,
ಅದರ ಮುಂದೆ ಸೊನ್ನೆಗಳನ್ನು ನಿಧಾನವಾಗಿ.
ಕಾಯುವವರು ಅಷ್ಟರಲ್ಲಿ ಎಂಟು ಜನವಾಗಿದ್ದರು.